ಹೆಣ ಎತ್ತುವ ತನಕ

ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಅದು ಎದ್ದು ಹೋಗುವ ತನಕ ಯಾರೂ ಉಣ್ಣುವ ಹಾಗಿಲ್ಲ. ಸತ್ತ ನಾರಣಪ್ಪ ಕುಡುಕ, ಮಾಂಸ ತಿಂದವ, ಸಾಲಿಗ್ರಾಮವನ್ನೇ ಹೊಳೆಗೆ ಎಸೆದವ. ಆದರೆ ಬಹಿಷ್ಕಾರವಾಗಿರಲಿಲ್ಲ. ಹೊರಹಾಕಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿದ್ದ! ಹಾಗಾಗಿ ಬ್ರಾಹ್ಮಣನಾಗಿಯೇ ಸತ್ತ. ಸಂಸ್ಕಾರ ಯಾರು ಮಾಡಬೇಕು?

ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಈ ಪ್ರಶ್ನೆಯನ್ನು ಕಾದಂಬರಿ ಮಾಡಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಿ ಬಂದ ಮೇಲೆ. 1965ರಲ್ಲಿ 'ಸಂಸ್ಕಾರ' ಬಂತು. 1970ರ ಸಿನಿಮಾವನ್ನು ಸೆನ್ಸಾರ್ ಮೊದಲು ತಡೆಯಿತು. ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಚಿನ್ನದ ಪದಕ ಸಿಕ್ಕಿತು.

ಕಾದಂಬರಿಯಲ್ಲಿ ನನಗೆ ಹೆಚ್ಚು ಚುಚ್ಚುವುದು ನಾರಣಪ್ಪನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಒಡವೆ ಬಿಚ್ಚಿಟ್ಟ ಗಳಿಗೆ. ಅಲ್ಲಿಯ ತನಕ ಹೆಣದ ಹತ್ತಿರ ಸುಳಿಯದವರಿಗೆ ಥಟ್ಟನೆ ಧರ್ಮ ನೆನಪಾಗುತ್ತದೆ. ಹಸಿವು ಒಂದು ಕಡೆ, ಚಿನ್ನ ಇನ್ನೊಂದು ಕಡೆ, ನಡುವೆ ಶಾಸ್ತ್ರ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾರೆ, ಗುಡಿಯ ಮಾರುತಿಯನ್ನು ಕೇಳುತ್ತಾರೆ. ಉತ್ತರವಿಲ್ಲ. ಕಾಡಿನ ಕತ್ತಲಲ್ಲಿ ಚಂದ್ರಿಯ ಸಂಗವಾದ ಮೇಲೆ ಅವರ ನೈತಿಕ ತಳಮಳ ಪುಟಗಟ್ಟಲೆ ಹರಿಯುತ್ತದೆ. ವಿಮರ್ಶಕರೂ ಅದರ ಬೆನ್ನು ಬಿದ್ದರು. ಇಲ್ಲಿ ನನ್ನದೊಂದು ತಕರಾರಿದೆ. ಆಚಾರ್ಯರು ಯೋಚಿಸುತ್ತಿದ್ದಾಗ ಕೆಲಸ ಮುಗಿಸಿದವಳು ಚಂದ್ರಿ. ಗಾಡಿಯ ಶೇಷಪ್ಪನನ್ನು ಕೇಳಿದಳು. ಬ್ರಾಹ್ಮಣನ ಹೆಣ ಮುಟ್ಟಲು ಅವನೂ ಹೆದರಿದ. ಅಂದರೆ ಮಡಿಯ ಭಯ ಅಗ್ರಹಾರದ ಆಚೆಗೂ ಬೇರು ಬಿಟ್ಟಿತ್ತು. ಕೊನೆಗೆ ಅಹಮದ್ ಬ್ಯಾರಿ ಗಾಡಿ ತಂದ. ರಾತ್ರೋರಾತ್ರಿ ಸುಟ್ಟರು. ಕಾದಂಬರಿ ಅದಕ್ಕೆ ಕೊಟ್ಟ ಜಾಗ ಎಷ್ಟು ಚಿಕ್ಕದು!

ಯೋಚಿಸುತ್ತ ಕೂರದೆ ಕೆಲಸಕ್ಕಿಳಿಯುವ ಇಂಥದ್ದೇ ಒಂದು ನಡೆ ಅದೇ ಮಲೆನಾಡ ಸೀಮೆಯಲ್ಲಿ ಮೊದಲೇ ಆಗಿತ್ತು. ಸಾಗರದ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದಾಗಿತ್ತು. ಒಡೆಯರಿಗೆ ಎದುರಾಡಬಾರದೆಂಬುದು ಕಾನೂನಲ್ಲ, 'ನಡತೆ'. 1951ರಲ್ಲಿ ದೀವರ ಗೇಣಿದಾರರು ಆ ಅಳತೆಯನ್ನೇ ಪ್ರಶ್ನಿಸಿದರು. ಬಿಡಿಸಿದ ಗದ್ದೆಗೆ ನೇಗಿಲು ಹಿಡಿದು ಇಳಿದು ಜೈಲಿಗೆ ಹೋದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಟದ ಮುಂದಾಳು, ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಶಾಸಕರಾದರು. ಅನಂತಮೂರ್ತಿ ಬೆಳೆದದ್ದು ಇದೇ ಸಮಾಜವಾದಿಗಳ ಒಡನಾಟದಲ್ಲಿ. ಅವರ ಇನ್ನೊಂದು ಕಾದಂಬರಿ 'ಅವಸ್ಥೆ'ಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ನೆರಳಿದೆ.

ಇದೇ ಕಟ್ಟುಪಾಡಿಗೆ ಕುಪ್ಪಳಿಯ ಕುವೆಂಪು ಮದುವೆಯ ಕಡೆಯಿಂದ ಕೈ ಹಾಕಿದರು. ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ ಮಂತ್ರಮಾಂಗಲ್ಯವನ್ನು 1966ರಲ್ಲಿ ಮಗ ತೇಜಸ್ವಿಯ ಮದುವೆಯಲ್ಲೇ ನಡೆಸಿ ತೋರಿಸಿದರು.

'ಸಂಸ್ಕಾರ'ದ ಕೊನೆಯಲ್ಲಿ ಆಚಾರ್ಯರು ಗಾಡಿ ಹತ್ತಿ ತಮ್ಮ ಅಗ್ರಹಾರ ದೂರ್ವಾಸಪುರದ ಕಡೆ ಹೊರಟಿದ್ದಾರೆ. ಅಲ್ಲಿ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ. ಚಂದ್ರಿ ಆಗಲೇ ಕುಂದಾಪುರದ ದಾರಿ ಹಿಡಿದಾಗಿತ್ತು.