ನೌಕರರ ಗೊಣಗಾಟ ಮತ್ತು ಕೆಲಸದ ಕ್ರಮ

ಮೆಕ್ಕೆಜೋಳದ ಸುಗ್ಗಿಯಲ್ಲಿ ಹರಪನಹಳ್ಳಿ, ಕೊಟ್ಟೂರು ಭಾಗದ ಅಡತಿ ಅಂಗಡಿಗಳಲ್ಲಿ ಹಮಾಲರ ಗೊಣಗಾಟ ಹೊಸದಲ್ಲ. ಬೆಳಿಗ್ಗೆ ಇಳಿಸಿ ಒಟ್ಟಿದ ಚೀಲಗಳನ್ನೇ ಸಂಜೆ ಮತ್ತೆ ಎತ್ತಬೇಕಾಗುತ್ತದೆಂಬುದು ಅವರ ದೂರು. ಇದು ಕೂಲಿ ಏರಿಸಿಕೊಳ್ಳುವ ಉಪಾಯವೆಂದು ಮಾಲೀಕರು ಭಾವಿಸುವುದುಂಟು. ಪರಿಶೀಲಿಸಿದಲ್ಲಿ ಕಾರಣ ಬೇರೆಯೇ ಇರಬಹುದು: ತೇವಾಂಶವನ್ನು ಅಳೆಯುತ್ತಿರುವುದು ಮಾಲು ಗೋದಾಮು ಸೇರಿದ ಮೇಲೆ! ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶದ ಮಿತಿ ಶೇ. 14. ಅದನ್ನು ಮೀರಿದ ಚೀಲಗಳು ಒಣ ಮಾಲಿನೊಡನೆ ಬೆರೆತರೆ ಬೇರ್ಪಡಿಸುವ ಕೂಲಿಯೂ ಬೂಷ್ಟಿನ ನಷ್ಟವೂ ಅಂಗಡಿಯ ಖಾತೆಗೇ ಬೀಳುತ್ತವೆ. ತೇವಾಂಶ ಮಾಪಕವನ್ನು ತೂಕದ ಯಂತ್ರದ ಬಳಿಗೆ ತಂದರೆ ದೂರೂ ನಿಲ್ಲುತ್ತದೆ, ಖರ್ಚೂ ಉಳಿಯುತ್ತದೆ.

ಪದೇ ಪದೇ ಕೇಳಿಬರುವ ದೂರು ಬಹುಮಟ್ಟಿಗೆ ನೌಕರನ ಸ್ವಭಾವವನ್ನಲ್ಲ, ಕೆಲಸದ ಕ್ರಮದಲ್ಲಿರುವ ಲೋಪವನ್ನು ತೋರಿಸುತ್ತದೆ. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಸಿದ್ಧಪಡಿಸಿದ ಮಗ್ಗವು ನೂಲು ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಮುಂದೆ ಟೊಯೋಟಾ ಕಾರು ಕಾರ್ಖಾನೆಗಳಲ್ಲಿ, ದೋಷ ಕಂಡ ಕಾರ್ಮಿಕನೇ ಹಗ್ಗ ಎಳೆದು ಕೆಲಸ ನಿಲ್ಲಿಸುವ ಪದ್ಧತಿ ಬೆಳೆದದ್ದು ಇದೇ ತತ್ವದಿಂದ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸಣ್ಣ ಘಟಕಗಳಿಗೆ ಹಗ್ಗ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು.

ಲೆಕ್ಕಪತ್ರದ ಮೇಜಿಗೆ ಬರೋಣ. "ಖರೀದಿ ಬಿಲ್ಲು ಕೈಗೆ ಸಿಗುವುದಿಲ್ಲ" ಎಂಬುದು ಗುಮಾಸ್ತರ ಮಾಮೂಲು ದೂರು. ಗೋದಾಮಿನವರು ಲಾರಿ ಚಾಲಕನನ್ನು ದೂರುತ್ತಾರೆ, ಚಾಲಕ ಗೋದಾಮಿನವರನ್ನು. ಮಾಸಿಕ ವಿವರ ಸಲ್ಲಿಸುವ ಮಾರಾಟಗಾರರು ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ 11. ನಮ್ಮ 2ಬಿ ಪಟ್ಟಿ ಸಿದ್ಧವಾಗುವುದು 14ರಂದು. ನಾವು 3ಬಿ ಸಲ್ಲಿಸಬೇಕಾದದ್ದು 20ರೊಳಗೆ. 2022ರ ಜನವರಿ 1ರಿಂದ, ಮಾರಾಟಗಾರರು ತೋರಿಸದ ಬಿಲ್ಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. 1 ಲಕ್ಷ ರೂ. ಮೌಲ್ಯದ, ಶೇ. 18 ತೆರಿಗೆಯ ಸರಕಿನ ಒಂದು ಬಿಲ್ಲು ತಪ್ಪಿದರೆ ಆ ತಿಂಗಳು 18,000 ರೂ. ಕೈಯಿಂದ ಕಟ್ಟಬೇಕಾಗುತ್ತದೆ. ಇಲ್ಲಿ ಗುಮಾಸ್ತರನ್ನು ಗದರಿಸಿ ಪ್ರಯೋಜನವೇನು? ಲಾರಿ ಬಾಗಿಲಿಗೆ ಬಂದಾಗಲೇ ಬಿಲ್ಲಿನ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಗುಮಾಸ್ತರಿಗೆ ತಲುಪಬೇಕು. ಅನಂತರವೇ ಮಾಲು ಇಳಿಯಬೇಕು. ತಿಂಗಳ 5ರಂದು ಪಟ್ಟಿ ತಾಳೆ ನೋಡಿ, ಮಾರಾಟಗಾರರಿಗೆ 11ಕ್ಕೆ ಮೊದಲೇ ಫೋನ್ ಮಾಡತಕ್ಕದ್ದು. 14ರ ನಂತರದ ಜಗಳದಿಂದ ಆ ತಿಂಗಳ ಪಟ್ಟಿ ಬದಲಾಗದು.

20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಗಳಿಗೆ ಕುಂದುಕೊರತೆ ನಿವಾರಣಾ ಸಮಿತಿ ಕಡ್ಡಾಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಸಮಿತಿಯಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು; ಅರ್ಜಿಯ ವಿಚಾರಣೆಗೆ 30 ದಿನಗಳ ಕಾಲಮಿತಿಯಿದೆ. ಅದಕ್ಕಿಂತ ಸಣ್ಣ ಘಟಕಗಳಲ್ಲಿ ಇದಕ್ಕೆ ಮಾಲೀಕರ ಮನಸ್ಸೇ ಆಧಾರ.

ಎಲ್ಲ ದೂರುಗಳೂ ಈ ಬಗೆಯವಲ್ಲವೆಂಬುದನ್ನು ಮರೆಯಬಾರದು. ಕೂಲಿ ಸಾಲದೆಂಬ ದೂರಿಗೆ ನೋಟ್‌ಬುಕ್ ಉತ್ತರವಾಗಲಾರದು. ಅದನ್ನು ಕೂಲಿಯ ವಿಷಯವಾಗಿಯೇ ಮಾತನಾಡಬೇಕು. ದೂರು ಹೇಳಿದವನಿಗೆ ಒಮ್ಮೆ ಬೈಗುಳ ಬಿದ್ದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ಹೆಸರು ಬೇಡ. ಎಡಪುಟದಲ್ಲಿ ದೂರು, ತಾರೀಖು ಮತ್ತು ವ್ಯರ್ಥವಾದ ಸಮಯ ಅಥವಾ ಹಣ. ಬಲಪುಟದಲ್ಲಿ ಏನು ಬದಲಿಸಲಾಯಿತು, ಯಾರ ಹೊಣೆ, ಎಂದಿನೊಳಗೆ ಎಂಬ ವಿವರ. ವಾರದ ರಜೆಯ ಹಿಂದಿನ ಸಂಜೆ ಮಾಲೀಕರೇ ಕುಳಿತು ಎಲ್ಲರೆದುರು ಓದಿಸಿ, ಬಲಪುಟ ಖಾಲಿಯಿರುವ ಅಂಶಗಳನ್ನು ಮುಂದಿನ ವಾರದ ಪುಟಕ್ಕೆ ಎತ್ತಿ ಬರೆಯಿಸತಕ್ಕದ್ದು.