ಉಳ್ಳಾಲದಿಂದ ಸ್ಪೀಕರ್ ಪೀಠದವರೆಗೆ: ಯು.ಟಿ. ಖಾದರ್ ನಡೆದ ದಾರಿ

"ಖಾದರ್ ಸ್ಪೀಕರ್ ಆದದ್ದು ನಮಗೆ ಲಾಭವೋ, ನಷ್ಟವೋ?"

2023ರ ಮೇ ತಿಂಗಳ ನಂತರ ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆ ಕಡೆ ಮದುವೆ ಮನೆಯಲ್ಲಿ ಕೂತರೂ, ಜುಮಾ ಮುಗಿಸಿ ಮಸೀದಿಯ ಹೊರಗೆ ನಿಂತರೂ ಈ ಪ್ರಶ್ನೆ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಕರ್ನಾಟಕ ವಿಧಾನಸಭೆಯ ಮೊದಲ ಮುಸ್ಲಿಂ ಸ್ಪೀಕರ್, ಅದೂ ನಮ್ಮ ಬ್ಯಾರಿ ಎಂದು ಹೆಮ್ಮೆ ಪಡುವವರಿದ್ದಾರೆ. "ಹೆಮ್ಮೆಯೆಲ್ಲ ಸರಿ ಮಾರಾಯ್ರೆ, ಮಂತ್ರಿಯಾಗಿದ್ದರೆ ನಾಲ್ಕು ಕೆಲಸ ಆಗ್ತಿತ್ತಲ್ಲ" ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯ ಉಂಟು. ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಳ್ಳಾಲ ಯಾವತ್ತೂ ಯಾರ ಜಾಗೀರೂ ಆಗಿರಲಿಲ್ಲ. 1967ರಲ್ಲಿ ಇಲ್ಲಿಂದ ಗೆದ್ದವರು ಕವಿ, ಕನ್ನಡ ಹೋರಾಟಗಾರ ಬಿ.ಎಂ. ಇದಿನಬ್ಬ. 1972 ಮತ್ತು 1978ರಲ್ಲಿ ಯು.ಟಿ. ಫರೀದ್ ಗೆದ್ದರು. 1983ರಲ್ಲಿ ಇದೇ ಜನ ಸಿಪಿಎಂನ ಪಿ. ರಾಮಚಂದ್ರ ರಾವ್ ಅವರನ್ನು ಕಳಿಸಿದರು. 1985 ಮತ್ತು 1989ರಲ್ಲಿ ಮತ್ತೆ ಇದಿನಬ್ಬ, 1994ರಲ್ಲಿ ಬಿಜೆಪಿಯ ಜಯರಾಮ ಶೆಟ್ಟಿ. ಅಂದರೆ ಕೈ, ಕುಡುಗೋಲು, ಕಮಲ ಮೂರನ್ನೂ ನೋಡಿದ ಕ್ಷೇತ್ರ ಇದು. 1999ರಲ್ಲಿ ಫರೀದ್ ಮರಳಿ ಬಂದರು, 2004ರಲ್ಲೂ ಗೆದ್ದರು.

ಫರೀದ್ ಅವರ ಕಾಲದ ಒಂದು ಕೆಲಸವನ್ನು ನಾವು ಇಲ್ಲಿ ನೆನಪಿಸಲೇಬೇಕು. ಕಿತ್ತಳೆ ಮಾರಿ ಬದುಕುತ್ತಿದ್ದ ಹರೇಕಳ ಹಾಜಬ್ಬ ತಮ್ಮ ನ್ಯೂಪಡ್ಪುವಿಗೆ ಒಂದು ಶಾಲೆ ಬೇಕೆಂದು ಓಡಾಡುತ್ತಿದ್ದಾಗ ಹೋದದ್ದು ಆಗಿನ ಶಾಸಕ ಫರೀದ್ ಅವರ ಬಳಿಗೆ. ಶಾಲೆ ಮಂಜೂರಾಯಿತು, ಮಕ್ಕಳು ಬಂದರು. 2020ರಲ್ಲಿ ಹಾಜಬ್ಬರಿಗೆ ಪದ್ಮಶ್ರೀ ಘೋಷಣೆಯಾದಾಗ ದೇಶವೇ ಅವರ ಕಡೆ ನೋಡಿತು. ಪ್ರಶಸ್ತಿ ಹಾಜಬ್ಬರ ಬೆವರಿಗೆ ಸಂದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಡವನೊಬ್ಬನ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕದೆ ಫೈಲು ಮುಂದಕ್ಕೆ ತಳ್ಳುವುದೂ ಶಾಸಕನಾದವನ ಕೆಲಸವೇ.

2007ರಲ್ಲಿ ಫರೀದ್ ತೀರಿಕೊಂಡರು. ಉಪಚುನಾವಣೆಯಲ್ಲಿ ಮಗ ಖಾದರ್ ನಿಂತು ಗೆದ್ದರು. ಗೆದ್ದು ಹೆಚ್ಚು ದಿನವಾಗಲಿಲ್ಲ, ಅದೇ ವರ್ಷದ ಕೊನೆಗೆ ವಿಧಾನಸಭೆಯೇ ವಿಸರ್ಜನೆಯಾಯಿತು. 2008ರಲ್ಲಿ ಮತ್ತೆ ಜನರ ಮುಂದೆ ಹೋಗಬೇಕಾಯಿತು. ಅಷ್ಟರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಕಾಗದದಲ್ಲಿ ಹೆಸರು 'ಮಂಗಳೂರು' ಆಗಿತ್ತು. ಊರವರ ಬಾಯಲ್ಲಿ ಮಾತ್ರ ಇಂದಿಗೂ ಉಳ್ಳಾಲವೇ. ಆಮೇಲೆ 2013, 2018, 2023. ತಂದೆಯ ಎರಡು ಗೆಲುವು ಸೇರಿಸಿದರೆ 1999ರಿಂದ ಸತತ ಏಳು ಸಲ ಈ ಕ್ಷೇತ್ರ ಒಂದೇ ಮನೆಯವರನ್ನು ಆರಿಸಿದೆ.

ಇದರಲ್ಲಿ 2018ರ ಗೆಲುವು ಬೇರೆಯೇ ತೂಕದ್ದು. ಆ ವರ್ಷ ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳಲ್ಲಿ ಏಳು ಬಿಜೆಪಿಗೆ ಹೋದವು. ಕಾಂಗ್ರೆಸ್‌ಗೆ ಉಳಿದದ್ದು ಖಾದರ್ ಒಬ್ಬರೇ. ನಮ್ಮವರ ಓಟು ಇಲ್ಲಿ ಜಾಸ್ತಿ, ಅದಕ್ಕೇ ಗೆಲ್ಲುತ್ತಾರೆ ಎನ್ನುವವರುಂಟು. ಅಷ್ಟೇ ಆಗಿದ್ದರೆ 1983 ಮತ್ತು 1994ರಲ್ಲಿ ಆದದ್ದೆಂತ? 2023ರಲ್ಲಿ ನಮ್ಮವರ ಓಟು ಎಸ್‌ಡಿಪಿಐಗೂ ಹಂಚಿ ಹೋಗಿತ್ತು. ಆದರೂ ಅವರು 22 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಬಂಟರು, ಬಿಲ್ಲವರು, ಮೊಗವೀರರು, ಕ್ರೈಸ್ತರು ಒಂದಷ್ಟು ಮಂದಿಯಾದರೂ ಕೈ ಹಿಡಿಯದೆ ಇಂಥ ಗೆಲುವು ಸಿಗುವುದಿಲ್ಲ.

ಮಂತ್ರಿಯಾಗಿ ಖಾದರ್ ಹೆಚ್ಚು ನೆನಪಾಗುವುದು ಆರೋಗ್ಯ ಇಲಾಖೆಯಿಂದ. 2013ರಿಂದ 2016ರವರೆಗೆ ಆ ಖಾತೆ ಅವರ ಕೈಯಲ್ಲಿತ್ತು. 2015ರಲ್ಲಿ ಬೈಕ್ ಆಂಬುಲೆನ್ಸ್ ರಸ್ತೆಗಿಳಿಯಿತು. 2016ರಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೆ ಸಿಕ್ಕಿ, ಸಾಯುವ ಹೊತ್ತಿನಲ್ಲೂ ಅಂಗದಾನದ ಮಾತಾಡಿದ ಯುವಕ ಹರೀಶ್ ಹೆಸರಿನಲ್ಲಿ 'ಸಾಂತ್ವನ ಹರೀಶ್' ಯೋಜನೆ ಬಂತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ. ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲೇ ಬದುಕುವ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಆಹಾರ ಖಾತೆ, 2018ರ ಮೈತ್ರಿ ಸರಕಾರದಲ್ಲಿ ನಗರಾಭಿವೃದ್ಧಿ ಮತ್ತು ವಸತಿ, 2022ರಲ್ಲಿ ಪ್ರತಿಪಕ್ಷದ ಉಪನಾಯಕನ ಸ್ಥಾನ.

ಹೀಗಿರುವಾಗ 2023ರ ಮೇ 24ರಂದು ಅವರು ಅವಿರೋಧವಾಗಿ ಸ್ಪೀಕರ್ ಆದರು. ಇಲ್ಲಿಂದಲೇ ನಮ್ಮ ಪ್ರಶ್ನೆ ಶುರು.

ಸ್ಪೀಕರ್ ಪೀಠದ ಕಾಯ್ದೆಯೇ ಬೇರೆ. ಅಲ್ಲಿ ಕೂತವರು ಪ್ರಶ್ನೆ ಕೇಳುವಂತಿಲ್ಲ, ಚರ್ಚೆಯಲ್ಲಿ ಪಕ್ಷ ಹಿಡಿಯುವಂತಿಲ್ಲ. ಸಂವಿಧಾನದ 189ನೇ ವಿಧಿಯ ಪ್ರಕಾರ ಎರಡೂ ಕಡೆ ಮತ ಸಮನಾದಾಗ ಮಾತ್ರ ಅವರ ಮತಕ್ಕೆ ಜಾಗ. ಇದರ ಅರ್ಥ ಏನೆಂದು ನಮಗೆ ಸರಿಯಾಗಿ ತಿಳಿದದ್ದು 2025ರ ಮಾರ್ಚ್ 21ರಂದು. ಸರಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ. 4 ಮೀಸಲಾತಿ ಕೊಡುವ ಮಸೂದೆ ಅಂದು ಗದ್ದಲದ ನಡುವೆ ಪಾಸಾಯಿತು. ಪ್ರತಿಪಕ್ಷದವರು ಪೀಠದ ಹತ್ತಿರ ಬಂದು ಕಾಗದ ಹರಿದೆಸೆದರು. ನಮ್ಮ ಸಮುದಾಯದ ಬಗ್ಗೆಯೇ ಸದನ ಬಿಸಿಯಾಗಿದ್ದಾಗ ನಮ್ಮ ಶಾಸಕರು ಅದರ ಪರವಾಗಿ ಒಂದು ಮಾತೂ ಆಡುವಂತಿರಲಿಲ್ಲ. ಅದೇ ದಿನ 18 ಬಿಜೆಪಿ ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಲಾಯಿತು. ಶಿಕ್ಷೆ ಹೆಚ್ಚಾಯಿತು ಎಂದವರಿದ್ದರು, ಪೀಠದ ಮರ್ಯಾದೆ ಉಳಿಯಿತು ಎಂದವರೂ ಇದ್ದರು. ಎರಡು ತಿಂಗಳು ಕಳೆದು ಮೇಯಲ್ಲಿ ಆ ಅಮಾನತು ಹಿಂತೆಗೆದದ್ದೂ ಖಾದರ್ ಅವರೇ. ಆ ಕುರ್ಚಿಯಲ್ಲಿ ಕೂತವರು ನಮ್ಮವರೂ ಅಲ್ಲ, ಅವರವರೂ ಅಲ್ಲ, ಇಡೀ ಸದನದವರು. ಹಾಗಿರುವುದೇ ಸರಿ.

ಆದರೆ ಕ್ಷೇತ್ರದ ನೋವು ನಿಯಮ ನೋಡಿ ಬರುವುದಿಲ್ಲವಲ್ಲ. ಎಡಿಬಿ ನೆರವಿನಲ್ಲಿ ಉಳ್ಳಾಲದ ಕಡಲಿಗೆ ತಡೆಗೋಡೆ ಹಾಕಿದ ಮೇಲೂ ಮಳೆಗಾಲ ಬಂತೆಂದರೆ ಉಚ್ಚಿಲ, ಬಟ್ಟಪ್ಪಾಡಿಯವರಿಗೆ ನಿದ್ದೆ ಇಲ್ಲ. ಹರೇಕಳ–ಅಡ್ಯಾರ್ ನಡುವೆ ನೇತ್ರಾವತಿಗೆ ಸೇತುವೆ ಸಹಿತ ಅಣೆಕಟ್ಟು ಬಂದದ್ದು ಆಚೆ ಈಚೆ ದಡದವರಿಗೆ ದೊಡ್ಡ ಉಪಕಾರ. ಕಡಲ ಬದಿಯವರು ಮಾತ್ರ ಇನ್ನೂ ಕಾಯುತ್ತಿದ್ದಾರೆ. 2023ರಲ್ಲಿ ಜಿಲ್ಲೆಯಿಂದ ಆಡಳಿತ ಪಕ್ಷಕ್ಕೆ ಗೆದ್ದವರು ಇಬ್ಬರೇ. ಒಬ್ಬರು ಸ್ಪೀಕರ್ ಆದರು, ಇನ್ನೊಬ್ಬರು ಪುತ್ತೂರಿನಿಂದ ಮೊದಲ ಸಲ ಗೆದ್ದವರು. ಉಸ್ತುವಾರಿ ಸಚಿವರು ಹೊರ ಜಿಲ್ಲೆಯಿಂದ ಬಂದರು.

ಹಾಗಾದರೆ ಲಾಭವೋ, ನಷ್ಟವೋ? ನಮಗನಿಸುವುದು ಇಷ್ಟು. ಸಮುದಾಯಕ್ಕೆ ಒಂದು ಗೌರವ ಸಿಕ್ಕಿದೆ, ಅದು ಸಣ್ಣದಲ್ಲ. ವಿಧಾನಸಭೆಯ ಗ್ಯಾಲರಿಯಲ್ಲಿ ಕೂತು ನೋಡುವ ನಮ್ಮ ಮಕ್ಕಳಿಗೆ ಆ ಪೀಠ ಇನ್ನು ದೂರದ್ದೆಂದು ಕಾಣಲಿಕ್ಕಿಲ್ಲ. ಆದರೆ ಎಲ್ಲವನ್ನೂ ಶಾಸಕರೇ ಕೇಳಲಿ, ನಾವು ಮದುವೆಗೆ, ಮಯ್ಯಿತ್‌ಗೆ ಅವರು ಬಂದರೋ ಇಲ್ಲವೋ ಎಂದಷ್ಟೇ ಲೆಕ್ಕ ಇಡುತ್ತೇವೆ ಎಂದರೆ ಆಗದು. ಪಂಚಾಯತ್‌ನಲ್ಲಿ, ನಗರಸಭೆಯಲ್ಲಿ, ಜಮಾಅತ್ ಕಮಿಟಿಯಲ್ಲಿ ನಿಂತು ಮಾತಾಡುವ ಹೊಸಬರು ಬೇಕು, ಹೆಣ್ಣುಮಕ್ಕಳೂ ಬೇಕು. ಕಾಲು ಶತಮಾನದಿಂದ ಒಂದೇ ಮನೆಯ ಕಡೆ ನೋಡುತ್ತಿರುವ ನಾವು ಎರಡನೇ ಸಾಲನ್ನು ಬೆಳೆಸಿದ್ದೇವೆಯೇ? ಇದು ಖಾದರ್ ಅವರಿಗಿಂತ ಮೊದಲು ನಾವು ನಮ್ಮನ್ನೇ ಕೇಳಬೇಕಾದ ಪ್ರಶ್ನೆ.

ಹಾಜಬ್ಬ ಅಂದು ಶಾಸಕರು ಬರಲಿ ಎಂದು ಮನೆಯಲ್ಲಿ ಕೂತಿರಲಿಲ್ಲ. ತಾವೇ ಎದ್ದು ಹೋಗಿದ್ದರು.