ಹಳೆಯ ಕಾರುಗಳ ಯೋಗಕ್ಷೇಮ

ಪದಾರ್ಥಗಳಲ್ಲಿ ಎರಡು ಬಗೆ. ದಿನ ಕಳೆದಂತೆ ಬೆಲೆ ಕುಂದುವವು ಕೆಲವು. ಒಂದು ಅವಧಿಯವರೆಗೆ ಕುಂದಿ ಆ ಬಳಿಕ ಮರಳಿ ಏರುವವು ಕೆಲವು. ಅಜ್ಜಿಯ ಕಾಲದ ತಾಮ್ರದ ಹಂಡೆ, ಹಲಸಿನ ಮರದ ಕೆತ್ತನೆಯ ಕಂಬ, ತಾಳೆಯೋಲೆಯ ಕಟ್ಟು, ಇವು ಎರಡನೆಯ ಬಗೆಯವು. ಮೋಟಾರು ಕಾರು ಯಾವ ಬಗೆಯದು? ಈ ಪ್ರಶ್ನೆ ಧನಿಕರ ವಿನೋದಕ್ಕೆ ಮಾತ್ರ ಸಂಬಂಧಿಸಿದುದೆಂದು ವಾಚಕರು ಭಾವಿಸಬಾರದು. ಉಡುಪಿ, ಕಾಪು, ಕಾರ್ಕಳ ಪ್ರಾಂತಗಳ ಹಳೆಯ ಮನೆಗಳಲ್ಲಿ, ಹಟ್ಟಿಯ ಪಕ್ಕದ ಮಾಡಿನ ಕೆಳಗೆ, ಬೈಹುಲ್ಲಿನ ಮರೆಯಲ್ಲಿ, ತಂದೆಯೋ ಅಜ್ಜನೋ ಓಡಿಸುತ್ತಿದ್ದ ಗಾಡಿಯೊಂದು ಇಂದಿಗೂ ನಿಂತಿರುವುದುಂಟು. ಹಿರಿಯರು ತೀರಿಕೊಂಡು ಪಾಲಿನ ಮಾತು ಬಂದಾಗ ಒಬ್ಬ ಮಗನು ಗುಜರಿಗೆ ಹಾಕೋಣವೆನ್ನುವನು. ಇನ್ನೊಬ್ಬನು ಇಟ್ಟುಕೊಂಡರೆ ಲಕ್ಷಾಂತರವಾಗುವುದೆನ್ನುವನು. ಮಗಳು ತಂದೆಯ ನೆನಪಲ್ಲವೇ ಎಂದು ಕಣ್ಣೊರಸಿಕೊಳ್ಳುವಳು. ಮೂವರ ಮಾತಿನಲ್ಲಿಯೂ ಸತ್ಯಾಂಶವುಂಟು. ಅದನ್ನು ವಿಂಗಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ನಮ್ಮ ಕರಾವಳಿಗೂ ಮೋಟಾರಿಗೂ ಇರುವ ನಂಟು ಹಳೆಯದು. ಮಂಗಳೂರಿನ ಸಿ.ಪಿ.ಸಿ. ಕಂಪೆನಿಯು ಬಸ್ಸುಗಳನ್ನು ಓಡಿಸತೊಡಗಿದುದು 1914ರಲ್ಲಿ. ನದಿಗಳಿಗೆ ಸೇತುವೆಗಳಿಲ್ಲದ ಆ ದಿನಗಳಲ್ಲಿ, ಜೋಡಿ ದೋಣಿಗಳ ಮೇಲೆ ಹಲಗೆ ಹಾಸಿದ ಜಂಗಲ್ಲಿನಲ್ಲಿ ಗಾಡಿಗಳನ್ನು ದಾಟಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಇದ್ದಿಲಿನ ಅನಿಲದಿಂದ ಬಸ್ಸುಗಳು ನಡೆದುವು. ಸ್ವಾತಂತ್ರ್ಯಾನಂತರ ವಿದೇಶದ ಗಾಡಿಗಳ ಆಮದಿಗೆ ಕಟ್ಟುಪಾಡುಗಳಾದುದರಿಂದ ನಮ್ಮ ಮನೆಗಳಿಗೆ ಬಂದವು ಮುಖ್ಯವಾಗಿ ಮೂರು ಜಾತಿಯವು: 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಾದ ಅಂಬಾಸಡರ್, ಮುಂದೆ ಪದ್ಮಿನಿಯೆಂಬ ಹೆಸರು ಪಡೆದ ಪ್ರೀಮಿಯರ್ ಕಂಪೆನಿಯ ಫಿಯೆಟ್, 1961ರಿಂದ ಸುಮಾರು ಹತ್ತು ವರ್ಷ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಈ ಕೊನೆಯದರ ಮೂಲವಾದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಚೌಕಟ್ಟನ್ನೇ ಗಿಡ್ಡಗೊಳಿಸಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ನಿರ್ಮಿಸಿದರು. ಓಟದ ಗಾಡಿಯ ರಕ್ತಸಂಬಂಧ ನಮ್ಮವರ ಅಂಗಳಕ್ಕೆ ಬಂದುದು ಹೀಗೆ.

ಲೋಕದ ಸಂತೆಯಲ್ಲಿ ಸ್ಪೋರ್ಟ್ಸ್ ಕಾರುಗಳಿಗೆ ದೊರೆತಿರುವ ಬೆಲೆ ಕೇಳಿದರೆ ಬೆರಗಾಗುವುದು. 1962ರಿಂದ 1964ರ ವರೆಗೆ ಕೇವಲ 36 ಮಾತ್ರ ತಯಾರಾದ ಫೆರಾರಿ 250 ಜಿ.ಟಿ.ಓ. ಕಾರುಗಳಲ್ಲಿ ಒಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಎರಡೇ ಎರಡು ನಿರ್ಮಾಣವಾಗಿದ್ದ, 1955ರ ಮರ್ಸಿಡಿಸ್ ಗಾಡಿಗಳಲ್ಲಿ ಒಂದು 2022ರಲ್ಲಿ 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಈ ವಾರ್ತೆಗಳನ್ನೋದಿ ಕೆಲವು ತರುಣರು ಸಾಲವೆತ್ತಿಯಾದರೂ ಹಳೆಯ ಗಾಡಿಯೊಂದನ್ನು ಕೊಳ್ಳಲೆಳಸುವರು. ಇಲ್ಲಿ ಸ್ಥಾಲೀಪುಲಾಕನ್ಯಾಯವು ಸಲ್ಲದು. ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ತಿಳಿಯಬಹುದು. ಒಂದು ಗಾಡಿಯ ಬೆಲೆಯನ್ನು ನೋಡಿ ಹಳೆಯ ಗಾಡಿಗಳೆಲ್ಲವೂ ನಿಧಿಯೆಂದು ತಿಳಿಯಲಾಗದು.

ಹಾಗಾದರೆ ಬೆಲೆಯೇರುವುದಕ್ಕೆ ಕಾರಣಗಳಾವುವು? ಮೂರೆಂದು ನಮ್ಮ ಅಭಿಪ್ರಾಯ. ಮೊದಲನೆಯದು ವಿರಳತೆ. ಎರಡನೆಯದು ಮೂಲರೂಪ. ಹುಟ್ಟಿದಾಗಿನ ಎಂಜಿನು, ಹೊಂದಿಕೆಯಾಗುವ ಚಾಸಿ ಸಂಖ್ಯೆ, ತಪ್ಪದೆ ಉಳಿದುಬಂದ ಆರ್.ಸಿ. ಪುಸ್ತಕ, ಇವುಗಳಿದ್ದ ಗಾಡಿಯ ಮಾತೇ ಬೇರೆ. ಹೊಸ ಎಂಜಿನನ್ನು ಕೂರಿಸಿ ಮಿರುಗುವ ಬಣ್ಣ ಬಳಿದ ಗಾಡಿಯ ಮಾತೇ ಬೇರೆ. ಮೂರನೆಯದು ಸ್ಮೃತಿ. ಬಾಲ್ಯದಲ್ಲಿ ಯಾವ ಗಾಡಿಯನ್ನು ಆಸೆಗಣ್ಣಿನಿಂದ ನೋಡಿದೆವೋ ಅದನ್ನು ಕೈಯಲ್ಲಿ ಕಾಸು ಕೂಡಿದಾಗ ಕೊಳ್ಳುವುದು ಮನುಷ್ಯಸ್ವಭಾವ. ಆದುದರಿಂದ ಬೆಲೆಯು ಒಂದು ತಲೆಮಾರಿನೊಡನೆ ಏರುವುದು. ಆ ತಲೆಮಾರು ಸಂದುಹೋದರೆ ಇಳಿಯಲೂಬಹುದು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾದಾಗ ಅಲ್ಲಿ ನೆಲೆಸಿದ ನಮ್ಮ ಜಿಲ್ಲೆಯವರೆಷ್ಟೋ ಮಂದಿ ಮರುಗಿದರು. ಆ ಮರುಕವೇ ನಾಳೆಯ ಗಿರಾಕಿ. ಆದರೆ ಅವರ ಮೊಮ್ಮಕ್ಕಳಿಗೆ ಪದ್ಮಿನಿಯು ಬರಿಯ ಚಿತ್ರವಾಗಬಹುದು.

ಸರಕಾರದ ನಿಯಮವನ್ನೂ ಅರಿತಿರತಕ್ಕದ್ದು. 2021ರಲ್ಲಿ ಕೇಂದ್ರ ಸರಕಾರವು ಮೋಟಾರು ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪವನ್ನುಳಿಸಿಕೊಂಡ ಗಾಡಿಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆಯನ್ನು ಕೊಡುವ ಏರ್ಪಾಡು ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹತ್ತು ವರ್ಷಗಳ ಅವಧಿ. ಆ ಬಳಿಕ ನವೀಕರಣಕ್ಕೆ 5,000 ರೂಪಾಯಿ. ಇಂತಹ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದುವಕ್ಕೆ ಒಯ್ಯಬಹುದೇ ಹೊರತು ದಿನನಿತ್ಯದ ಸಂಚಾರಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಇನ್ನು ಲೆಕ್ಕದ ಮಾತು. ಗಾಡಿಯೊಂದನ್ನು 5 ಲಕ್ಷ ರೂಪಾಯಿಗೆ ಕೊಂಡು ಹತ್ತು ವರ್ಷ ಇಟ್ಟೆವೆನ್ನೋಣ. ಅದೇ ಹಣ ಬ್ಯಾಂಕಿನಲ್ಲಿ ಶೇಕಡಾ 7ರ ಚಕ್ರಬಡ್ಡಿಯಲ್ಲಿದ್ದರೆ ಸುಮಾರು 9 ಲಕ್ಷ 80 ಸಾವಿರವಾಗುವುದು. ಗಾಡಿಯ ಪೋಷಣೆಗೆ ವರ್ಷಕ್ಕೆ 40 ಸಾವಿರವೆಂದರೂ ಹತ್ತು ವರ್ಷಕ್ಕೆ 4 ಲಕ್ಷ. ಹದಿನಾಲ್ಕು ಲಕ್ಷಕ್ಕೆ ಕಡಿಮೆಯಾಗಿ ಮಾರಿದರೆ ಲಾಭವೆಂಬುದು ಕೇವಲ ಭ್ರಮೆ. ನಮ್ಮ ಊರಿನಲ್ಲಿ ಈ ಪೋಷಣೆಯು ಸುಲಭವೂ ಅಲ್ಲ. ಕಾಪುವಿನ ದೀಪಸ್ತಂಭದ ಸುತ್ತ ಬೀಸುವ ಉಪ್ಪುಗಾಳಿಗೆ ತಗಡು ಕರಗುವುದು. ಘಟ್ಟದ ಬುಡದ ಕಾರ್ಕಳದಲ್ಲಿ ಮಳೆಗಾಲದ ತೇವವು ಆಸನದ ಚರ್ಮವನ್ನೂ ಚಾಸಿಯನ್ನೂ ಒಂದಾಗಿ ತಿನ್ನುವುದು. ಟಾರ್ಪಾಲು ಹೊದಿಸಿ ಬಿಟ್ಟರೆ ತೇವವು ಒಳಗೇ ನಿಂತು ತುಕ್ಕು ಬೇಗ ಹಿಡಿಯುವುದು. ಗಾಳಿಯಾಡುವ ಒಣ ಕೊಠಡಿಯೇ ಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರ ವರೆಗೆ ಬೆರೆತಿರುವ ಎಥನಾಲು ನೀರನ್ನು ಹೀರುವ ಸ್ವಭಾವದ್ದಾದುದರಿಂದ, ಹಳೆಯ ಗಾಡಿಯ ರಬ್ಬರು ಕೊಳವೆಗಳನ್ನು ಬದಲಾಯಿಸಿ, ಟಾಂಕಿಯಲ್ಲಿ ಎಣ್ಣೆಯನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದು ಲೇಸು.

ಸಂಸ್ಕೃತದಲ್ಲಿ ಅರ್ಘವೆಂದರೆ ಬೆಲೆ. ಪೂಜ್ಯರಿಗೆ ನೀಡುವ ಅರ್ಘ್ಯವೂ ಅದಕ್ಕೆ ಸೋದರಶಬ್ದ. ಬೆಲೆಯೂ ಆದರವೂ ಒಂದೇ ಬೇರಿನವು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ಕೆಡವಲ್ಪಡಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿ ಹಸ್ತಶಿಲ್ಪದ ಪರಂಪರೆಯ ಗ್ರಾಮವನ್ನು ಕಟ್ಟಿದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳನ್ನು ಸಂಗ್ರಹಿಸಿಟ್ಟಿದ್ದಾರೆ; ಶ್ರೀರಂಗಪಟ್ಟಣದ ಬಳಿ ‘ಪಯಣ’ವೆಂಬ ಕಾರುಗಳ ಸಂಗ್ರಹಾಲಯವೂ ಅವರ ಆಸಕ್ತಿಯ ಫಲ. ಇಂತಹ ಸಂಗ್ರಹಗಳನ್ನು ಬೆಳೆಸುವುದು ಆದರ. ಬೆಲೆಯು ಅದನ್ನು ಹಿಂಬಾಲಿಸಿ ಬರುವುದು.

ಆದುದರಿಂದ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ವಿರಳವಾಗಿ, ಮೂಲರೂಪದಲ್ಲಿದ್ದು, ದಾಖಲೆ ಕೆಡದ ಗಾಡಿಗಳ ಬೆಲೆಯು ಏರುವ ಸಂಭವ ಹೆಚ್ಚು, ಮಿಕ್ಕವು ಪೋಷಣೆಯ ವೆಚ್ಚವನ್ನೂ ಹಿಂದಿರುಗಿಸಲಾರವು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ. ಸಾಲದಿಂದ ಮಾಡಿದ ಯೋಗಕ್ಕೆ ಕ್ಷೇಮವಿಲ್ಲ. ಮನೆಯಲ್ಲಿ ಗಾಡಿಯಿದ್ದವರು ಗುಜರಿಯವನನ್ನು ಕರೆಯುವ ಮೊದಲು ದಾಖಲೆಗಳನ್ನು ಹುಡುಕಲಿ. ಹಳಬನಾದ ಗ್ಯಾರೇಜಿನ ಮೇಸ್ತ್ರಿಯೊಬ್ಬನಿಗೆ ತೋರಿಸಿ ಚಾಸಿಯ ಸ್ಥಿತಿ ತಿಳಿಯಲಿ. ಪಾಲಿನ ದಿನ ಇಂದಿನ ಬೆಲೆಯನ್ನೇ ಹಿಡಿದು, ಅದನ್ನು ವಾರಕ್ಕೊಮ್ಮೆ ತೆರೆದು ಒರಸುವ ಮನಸ್ಸುಳ್ಳವರಿಗೆ, ಮಗನಾಗಲಿ ಮಗಳಾಗಲಿ, ಕೊಡಲಿ. ಉಳಿದವರು ಅಷ್ಟರ ಮಟ್ಟಿಗೆ ಬೇರೆ ಪಾಲು ಪಡೆಯಲಿ. ಮುಂದೆ ಬೆಲೆಯೇರಿದರೆ ಅದು ಕಾದವರ ಭಾಗ್ಯ. ಏರದಿದ್ದರೂ ಒಡಹುಟ್ಟಿದವರ ನಡುವೆ ಒಡಕು ಬಾರದೆ ಉಳಿದೀತು. ಆ ಬೆಲೆಯನ್ನು ಯಾವ ಹರಾಜಿನವನೂ ಕೂಗಲಾರನು.